ಕಂಪನಿ ಸವ್ಯಸಾಚಿ ಆಗುತ್ತೋ ಇಲ್ವೋ, ಎಚ್‌ಆರ್ ಫಾರ್ಮ್ ನೋಡಿ ಹೇಳಬಹುದು

ಎಚ್‌ಆರ್ ಅಂದ್ರೆ ತುಂಬಾ ಜನಕ್ಕೆ ನೆನಪಾಗೋದು ಪೇಸ್ಲಿಪ್, ರಜೆ ಅಪ್ರೂವಲ್, ಆಫರ್ ಲೆಟರ್, ಆಮೇಲೆ ಕೆಲಸ ಬಿಡೋ ದಿನ ನಡೆಯೋ ಆ ಎಕ್ಸಿಟ್ ಇಂಟರ್‌ವ್ಯೂ, ಅಷ್ಟೇ. ನನಗೂ ಹಾಗೇ ಇತ್ತು. ಒಂದ್ಸಲ ನಾನು ಕೆಲಸ ಮಾಡ್ತಿದ್ದ ಕಡೆ ದೊಡ್ಡ ಸಾಹೇಬ್ರು ಎಲ್ಲರನ್ನೂ ಸೇರಿಸಿ ಒಂದು ಗಂಟೆ ಭಾಷಣ ಮಾಡಿದ್ರು, ಹೊಸದಾಗಿ ಯೋಚನೆ ಮಾಡಿ, ರಿಸ್ಕ್ ತಗೊಳ್ಳಿ, ಮಾರ್ಕೆಟ್ ಬದಲಾಗ್ತಿದೆ ಅಂತೆಲ್ಲ, ಚಪ್ಪಾಳೆನೂ ಬಿತ್ತು. ಅದೇ ತಿಂಗಳು ಅಪ್ರೈಸಲ್ ಫಾರ್ಮ್ ಬಂತು, ತೆಗೆದು ನೋಡಿದ್ರೆ ಅದರಲ್ಲಿ ಕೇಳಿದ್ದು ಮೂರೇ: ಎಷ್ಟು ಟಿಕೆಟ್ (ಅಂದ್ರೆ ಕಂಪ್ಯೂಟರಲ್ಲಿ ಬರೋ ದೂರು, ಕೋರಿಕೆ) ಕ್ಲೋಸ್ ಮಾಡಿದ್ರಿ, ಒಂದೊಂದಕ್ಕೆ ಎಷ್ಟು ಹೊತ್ತು ಹಿಡೀತು, ಎಷ್ಟು ತಪ್ಪಾಯ್ತು. ಭಾಷಣ ಮರೆತೋಯ್ತು, ಫಾರ್ಮ್ ನೆನಪುಳೀತು. ಎಲ್ರೂ ಸುಮ್ನೆ ಟಿಕೆಟ್ ಕ್ಲೋಸ್ ಮಾಡೋಕೆ ವಾಪಸ್ ಹೋದ್ವಿ.

ಕಂಪನಿಗಳಿಗೆ ಎರಡು ಕೆಲಸ ಒಟ್ಟಿಗೇ ಮಾಡ್ಬೇಕಾಗುತ್ತೆ. ಇವತ್ತು ಗೊತ್ತಿರೋ ಕೆಲಸಾನ ಕಮ್ಮಿ ಖರ್ಚಲ್ಲಿ, ಬೇಗ, ತಪ್ಪಿಲ್ಲದೆ ಮಾಡೋದು ಒಂದು, ಅದು ಎಫಿಶಿಯೆನ್ಸಿ. ನಾಳೆ ಗಿರಾಕಿ ಬೇರೆ ಏನೋ ಕೇಳಿದಾಗ, ಇಲ್ಲ ಟೆಕ್ನಾಲಜಿನೇ ಬದಲಾದಾಗ ಅದಕ್ಕೆ ಹೊಂದಿಕೊಳ್ಳೋದು ಇನ್ನೊಂದು. ಕೇಳೋಕೆ ಸರಳವಾಗಿದೆ, ಆದ್ರೆ ಇವೆರಡೂ ಒಂದೇ ಜನ, ಒಂದೇ ದುಡ್ಡು, ಒಂದೇ ಎಂಟು ಗಂಟೆಗೆ ಕಿತ್ತಾಡ್ತವೆ. ಜೇಮ್ಸ್ ಮಾರ್ಚ್ ಅನ್ನೋ ವಿದ್ವಾಂಸರು 1991ರಲ್ಲಿ ಬರೆದ ಒಂದು ಪ್ರಬಂಧ ಈ ವಿಷಯದಲ್ಲಿ ಇವತ್ತಿಗೂ ಎಲ್ಲರೂ ಹಿಡ್ಕೊಳ್ಳೋ ಬುಡ. ಅವರು ಹೇಳಿದ್ದು ಇಷ್ಟು: ಗೊತ್ತಿರೋದನ್ನೇ ಚೆನ್ನಾಗಿ ಮಾಡಿದ್ರೆ ಫಲ ಬೇಗ ಸಿಗುತ್ತೆ, ಖಂಡಿತ ಸಿಗುತ್ತೆ, ಯಾರಿಂದ ಬಂತು ಅಂತಾನೂ ಗೊತ್ತಾಗುತ್ತೆ, ಹೊಸದನ್ನ ಹುಡುಕಿದ್ರೆ ಫಲ ದೂರದಲ್ಲಿರುತ್ತೆ, ಬರುತ್ತೋ ಇಲ್ವೋ ಗೊತ್ತಿಲ್ಲ, ಬಂದ್ರೂ ಯಾರಿಂದ ಬಂತು ಅಂತ ಹೇಳೋದು ಕಷ್ಟ. ಹಾಗಾಗಿ ಯಾರೂ ಕೆಟ್ಟವರಾಗಿರದೇನೇ, ಪ್ರತಿಯೊಬ್ಬರೂ ಬುದ್ಧಿವಂತಿಕೆಯಿಂದ ನಡ್ಕೊಂಡ್ರೂನೂ, ಇಡೀ ಸಂಸ್ಥೆ ನಿಧಾನಕ್ಕೆ ಗೊತ್ತಿರೋ ಕಡೆಗೇ ವಾಲುತ್ತೆ. ಉಲ್ಟಾನೂ ಆಗುತ್ತೆ, ಒಂದು ಪ್ರಯೋಗ ಸೋತ ತಕ್ಷಣ ಇನ್ನೊಂದು, ಅದೂ ಸೋತ್ರೆ ಮತ್ತೊಂದು, ಯಾವುದರಲ್ಲೂ ಕೈ ಪಳಗೋ ಅಷ್ಟು ಹೊತ್ತು ನಿಲ್ಲಲ್ಲ. ಆದ್ರೆ ಹಳೇ ಕಂಪನಿಗಳಲ್ಲಿ ನೋಡೋಕೆ ಸಿಗೋದು ಹೆಚ್ಚಾಗಿ ಮೊದಲನೇದೇ.

ಈ ವಾಲುವಿಕೆನ ತಡೆಯೋದು ಸ್ಟ್ರಾಟಜಿ ಮೀಟಿಂಗ್‌ನಲ್ಲಿ ಆಗಲ್ಲ. ಯಾರನ್ನ ಸೇರಿಸ್ಕೊಳ್ತೀರಿ, ಏನು ಕಲಿಸ್ತೀರಿ, ಯಾವುದಕ್ಕೆ ಇನ್ಕ್ರಿಮೆಂಟ್ ಕೊಡ್ತೀರಿ, ಕೆಲಸ ಕಮ್ಮಿ ಆದಾಗ ಜನರನ್ನ ಏನ್ ಮಾಡ್ತೀರಿ, ಇಲ್ಲಿ ಆಗುತ್ತೆ.

ಇಂಗ್ಲಿಷ್‌ನಲ್ಲಿ ಇಂಥ ಸಂಸ್ಥೆಗೆ ಆಂಬಿಡೆಕ್ಸ್‌ಟ್ರಸ್ ಅಂತಾರೆ, ಎರಡೂ ಕೈ ಒಂದೇ ಥರ ಓಡೋದು. ನಮಗೆ ಅದಕ್ಕಿಂತ ಒಳ್ಳೇ ಪದ ಆಗ್ಲೇ ಇದೆ, ಸವ್ಯಸಾಚಿ. ಅರ್ಜುನ ಎರಡೂ ಕೈಯಲ್ಲಿ ಬಾಣ ಬಿಡ್ತಿದ್ದ, ಸರಿ, ಆದ್ರೆ ಹುಟ್ಟುತ್ತಲೇ ಹಾಗಿದ್ನಾ, ಅಭ್ಯಾಸದಿಂದ ಬಂದಿದ್ದು. ಕಂಪನಿಗೂ ಅಷ್ಟೇ.

ಮೊದಲು ಒಂದೇ ಕೈ ಬಲಿತ ಕಥೆ ನೋಡೋಣ. ಫೋರ್ಡ್ ಮಾಡೆಲ್ ಟಿ ಕಾರು 1908ರಲ್ಲಿ ಬಂದಾಗ ಬೆಲೆ 850 ಡಾಲರ್. 1913ರಲ್ಲಿ ಚಲಿಸೋ ಅಸೆಂಬ್ಲಿ ಲೈನ್ ತಂದ್ರು, ಮುಂದಿನ ವರ್ಷದ ಹೊತ್ತಿಗೆ ಸುಮಾರು ಹನ್ನೆರಡೂವರೆ ಗಂಟೆ ಹಿಡೀತಿದ್ದ ಒಂದು ಷಾಸಿ, ಅಂದ್ರೆ ಕಾರಿನ ಚೌಕಟ್ಟಿನ ಜೋಡಣೆ ಸುಮಾರು 93 ನಿಮಿಷಕ್ಕೆ ಇಳೀತು. ಒಬ್ಬ ಕೆಲಸಗಾರನಿಗೆ ಒಂದೇ ಕೆಲಸ, ಇವನು ಬೋಲ್ಟ್ ಹಾಕಬೇಕು, ಮುಂದಿನವನು ನಟ್ ಬಿಗೀಬೇಕು, ದಿನವಿಡೀ ಅದೇ, ಗಾಣದೆತ್ತಿನ ಥರ. ಜನ ತಡ್ಕೊಳ್ಳಲಿಲ್ಲ, ಬಿಟ್ಟು ಓಡಿದ್ರು. 1913ರಲ್ಲಿ ಅಲ್ಲಿ ಕೆಲಸ ಬಿಡೋರ ಪ್ರಮಾಣ ಶೇಕಡಾ 370, ಅಂದ್ರೆ ಒಂದೇ ಜಾಗಕ್ಕೆ ವರ್ಷದಲ್ಲಿ ಮೂರು ನಾಲ್ಕು ಸಲ ಹೊಸಬರನ್ನ ತರಬೇಕು. ಆಮೇಲೆ 1914ರ ಜನವರಿಯಲ್ಲಿ ಫೋರ್ಡ್ ಆ ಫೇಮಸ್ ದಿನಕ್ಕೆ 5 ಡಾಲರ್ ಘೋಷಣೆ ಮಾಡಿದ್ದು, ಹಿಂದಿನದ್ದರ ಎರಡು ಪಟ್ಟಿಗಿಂತ ಜಾಸ್ತಿ, ಜೊತೆಗೆ ಒಂಬತ್ತು ಗಂಟೆ ಇದ್ದಿದ್ದು ಎಂಟಾಯ್ತು. ಪೂರ್ತಿ ಉದಾರತನ ಅಂದ್ಕೋಬೇಡಿ, ಅದರಲ್ಲಿ ಅರ್ಧ ಭಾಗ ಲಾಭದ ಪಾಲಿನ ಹೆಸರಲ್ಲಿ ಕೊಡ್ತಿದ್ದಿದ್ದು, ಅದು ಸಿಗೋಕೆ ಮುಂಚೆ ಕಂಪನಿ ಕಡೆಯವರು ಮನೆಗೇ ಬಂದು ನೀವು ಕುಡೀತೀರಾ, ದುಡ್ಡು ಉಳಿಸ್ತೀರಾ ಅಂತ ವಿಚಾರಿಸ್ಕೊಂಡು ಹೋಗ್ತಿದ್ರು.

ಎಚ್‌ಆರ್ ಲೆಕ್ಕದಲ್ಲಿ ಅದು ದೊಡ್ಡ ಗೆಲುವೇ, ಜನ ನಿಂತ್ರು, ಲೈನ್ ಓಡ್ತು. ಆದ್ರೆ ಆ 5 ಡಾಲರ್ ಕೊಂಡ್ಕೊಂಡಿದ್ದು ಏನನ್ನ? ಹಾಜರಾತಿನ, ಸಹನೆನ. ತಲೆ ಬಳಸಿ ಅಂತ ಯಾರೂ ಕೇಳಲಿಲ್ಲ. ಗಿರಾಕಿಗಳು ಬೇರೆ ಬೇರೆ ಮಾಡೆಲ್, ಬಣ್ಣ, ಆರಾಮ ಬಯಸೋಕೆ ಶುರು ಮಾಡಿದಾಗ ಕಂಪನಿಗೆ ತಿರುಗೋಕೇ ಆಗಲಿಲ್ಲ, 1927ರ ಮೇ ತಿಂಗಳಲ್ಲಿ ಮಾಡೆಲ್ ಟಿ ನಿಲ್ಲಿಸಿ ಹೊಸ ಮಾಡೆಲ್ ಎ ಶುರು ಮಾಡೋಕೆ ಕಾರ್ಖಾನೆಗಳನ್ನೇ ತಿಂಗಳುಗಟ್ಟಲೆ ಮುಚ್ಚಬೇಕಾಯ್ತು. ಮಷಿನ್‌ಗಳೂ ಒಂದೇ ಕೆಲಸಕ್ಕೆ ಅಂತ ಮಾಡಿದ್ದು, ಮನುಷ್ಯರ ಕೆಲಸಾನೂ ಒಂದೇ ಚಲನೆಗೆ ಕತ್ತರಿಸಿ ಇಟ್ಟಿದ್ದು. ವಿಲಿಯಂ ಅಬರ್ನತಿ 1978ರಲ್ಲಿ ಆಟೋ ಉದ್ಯಮದ ಬಗ್ಗೆ ಬರೀತಾ ಇದನ್ನೇ ಉತ್ಪಾದಕತೆಯ ಸಂದಿಗ್ಧ ಅಂತ ಕರೆದ್ರು: ಒಂದು ಕೆಲಸದಲ್ಲಿ ಎಷ್ಟು ಪಳಗ್ತೀರೋ, ದೊಡ್ಡ ಬದಲಾವಣೆ ಅಷ್ಟು ಕಷ್ಟ ಆಗುತ್ತೆ.

ಇದಕ್ಕೆ ಮೊದಲು ಸಿಕ್ಕ ಪರಿಹಾರ ಬೇರೆ ಮನೆ ಮಾಡೋದು. ರಾಬರ್ಟ್ ಡಂಕನ್ ಅನ್ನೋ ಸಂಶೋಧಕರು 1976ರಲ್ಲಿ, ಆಮೇಲೆ ಟಶ್ಮನ್ ಮತ್ತು ಓರೈಲಿ ಅನ್ನೋರು 1996ರಲ್ಲಿ ಬೇರೆ ಬೇರೆ ರೀತಿಲಿ ಹೇಳಿದ್ದು ಇದೇ, ಹಳೇ ಕೆಲಸ ಒಂದು ಕಡೆ ನಡೀಲಿ, ಹೊಸ ಪ್ರಯೋಗಕ್ಕೆ ಬೇರೆ ಜನ, ಬೇರೆ ರೂಲ್ಸ್. ಇದರಲ್ಲಿ ಎಚ್‌ಆರ್ ಕೆಲಸ ಎರಡು ಥರ ನಡೆಸೋದು, ಒಂದು ಕಡೆ ಶಿಸ್ತಿಗೆ ಬೋನಸ್, ಇನ್ನೊಂದು ಕಡೆ ಒಳ್ಳೇ ಸೋಲಿಗೂ ಮಾಫಿ. ಕೆಲವು ಸಲ ಇದೇ ಸರಿಯಾದ ದಾರಿ, ಅದರಲ್ಲೂ ಹೊಸ ಧಂದೆ ಹಳೇದನ್ನ ನುಂಗಿಹಾಕೋ ಹಾಗಿದ್ರೆ. ಆದ್ರೆ ಹಳೇ ವಿಭಾಗದವರಿಗೆ ಇದು ಒಂದು ಕಣ್ಣಿಗೆ ಬೆಣ್ಣೆ ಇನ್ನೊಂದು ಕಣ್ಣಿಗೆ ಸುಣ್ಣ ಅನ್ಸುತ್ತೆ, ನಾವು ದುಡಿದ ದುಡ್ಡಲ್ಲಿ ಅವರು ಆಟ ಆಡ್ತಿದಾರೆ ಅಂತ. ಅದಕ್ಕೇ ಮೇಲಿನ ಒಂದು ತಂಡ ಎರಡನ್ನೂ ಹಿಡ್ಕೊಂಡಿರಬೇಕು, ಅವರ ಬೋನಸ್ ತಮ್ಮ ವಿಭಾಗದ ಲಾಭಕ್ಕಲ್ಲ, ಇಡೀ ಕಂಪನಿ ಲಾಭಕ್ಕೆ ಕಟ್ಟಿರಬೇಕು. ಇಲ್ಲಾಂದ್ರೆ ಹೊಸ ಮನೆ ಊರಾಚೆ ಬಂಗ್ಲೆ ಆಗಿ ಉಳಿಯುತ್ತೆ.

ಎರಡನೇ ದಾರಿ ನನಗೆ ಹೆಚ್ಚು ಇಷ್ಟ, ಒಬ್ಬನೇ ಮನುಷ್ಯ ತನ್ನ ದಿನದಲ್ಲಿ ಎರಡನ್ನೂ ಮಾಡೋದು. ಗಿಬ್ಸನ್ ಮತ್ತು ಬರ್ಕಿನ್‌ಶಾ 2004ರಲ್ಲಿ 41 ಬಿಸಿನೆಸ್ ಯೂನಿಟ್‌ಗಳನ್ನ ನೋಡಿ ಹೇಳಿದ್ದು, ಯಾವಾಗ ರೂಲ್ ಪ್ರಕಾರ ಹೋಗ್ಬೇಕು ಯಾವಾಗ ಹೊಸದಾಗಿ ಏನಾದ್ರೂ ಮಾಡ್ಬೇಕು ಅನ್ನೋ ತೀರ್ಮಾನನ ಕೆಲಸ ಮಾಡೋರಿಗೇ ಬಿಡೋ ವಾತಾವರಣ ಕಟ್ಟಬಹುದು ಅಂತ. ಆ ವಾತಾವರಣಕ್ಕೆ ಎರಡು ಕಾಲು, ಒಂದು ಕಾಲು ಕಟ್ಟುನಿಟ್ಟು, ಅಂದ್ರೆ ಎತ್ತರದ ಗುರಿ ಮತ್ತೆ ಶಿಸ್ತು. ಇನ್ನೊಂದು ಆಸರೆ ಮತ್ತೆ ನಂಬಿಕೆ. ಬರೀ ಕಟ್ಟುನಿಟ್ಟಾದ್ರೆ ಜನ ಸುಟ್ಟುಹೋಗ್ತಾರೆ, ಬರೀ ಆಸರೆ ಆದ್ರೆ ಎಲ್ರೂ ಆರಾಮಾಗಿ ಕ್ಲಬ್ ಥರ ಇರ್ತಾರೆ, ಕೆಲಸ ಆಗಲ್ಲ.

ಹೀಗೆ ಹೇಳಿದ್ರೆ ಗಾಳಿಲಿ ಮಾತಾಡಿದ ಹಾಗಿರುತ್ತೆ, ಅದಕ್ಕೆ ನೆಲದ ಮೇಲೆ ನಡೆದ ಒಂದು ಕಥೆ.

ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ಜನರಲ್ ಮೋಟಾರ್ಸ್‌ದು ಒಂದು ಕಾರ್ಖಾನೆ ಇತ್ತು. ಹೆಸರು ಕೆಟ್ಟಿತ್ತು, ಗೈರುಹಾಜರಿ ಶೇಕಡಾ 20ರ ಆಸುಪಾಸು, ಇದ್ದಕ್ಕಿದ್ದ ಹಾಗೆ ಮುಷ್ಕರಗಳು, ಕ್ವಾಲಿಟಿ ಅಧ್ವಾನ. 1982ರಲ್ಲಿ ಮುಚ್ಚಿದ್ರು. ಆಮೇಲೆ ಟೊಯೋಟಾ ಜೊತೆ ಸೇರಿ 1984ರಲ್ಲಿ ಅದೇ ಜಾಗದಲ್ಲಿ ನಮ್ಮಿ ಅನ್ನೋ ಜಂಟಿ ಕಂಪನಿ ಶುರು ಮಾಡಿದ್ರು, ನಡೆಸೋ ಜವಾಬ್ದಾರಿ ಟೊಯೋಟಾದ್ದು. ಹೊಸ ಜನ ತಂದ್ರಾ? ಇಲ್ಲ, ಮೊದಲು ಸೇರಿಸ್ಕೊಂಡ ಕಾರ್ಮಿಕರಲ್ಲಿ ಸುಮಾರು ಶೇಕಡಾ 85 ಜನ ಹಳೇ ಕಾರ್ಖಾನೆಯವರೇ, ಯೂನಿಯನ್ನೂ ಅದೇ. ಎರಡು ವರ್ಷದಲ್ಲಿ ಆ ಕಾರ್ಖಾನೆ ಉತ್ಪಾದಕತೆ ಜನರಲ್ ಮೋಟಾರ್ಸ್‌ನ ಬೇರೆ ಯಾವ ಕಾರ್ಖಾನೆಗಿಂತಲೂ ಮೇಲೆ ಹೋಯ್ತು, ಗೈರುಹಾಜರಿ ಶೇಕಡಾ 3-4ಕ್ಕೆ ಇಳೀತು. ಅದೇ ಜನ, ಅದೇ ಕಟ್ಟಡ.

ಇಲ್ಲಿ ಒಂದು ವಿಷಯ ತುಂಬಾ ಜನ ತಪ್ಪು ತಿಳ್ಕೊಳ್ತಾರೆ, ಸ್ವಾತಂತ್ರ್ಯ ಕೊಟ್ರು, ರೂಲ್ಸ್ ಕಮ್ಮಿ ಮಾಡಿದ್ರು, ಅದಕ್ಕೆ ಸರಿಹೋಯ್ತು ಅಂತ. ನಡೆದಿದ್ದು ಉಲ್ಟಾ. ನಮ್ಮಿಯಲ್ಲಿ ಪ್ರತಿ ಕೆಲಸದ ಪ್ರತಿ ಚಲನೆಗೂ ಲಿಖಿತ ಸ್ಟ್ಯಾಂಡರ್ಡ್ ಇತ್ತು, ಕೈ ಎಲ್ಲಿಡಬೇಕು ಅನ್ನೋವರೆಗೆ. ಪಾಲ್ ಆಡ್ಲರ್ ಅನ್ನೋ ಸಂಶೋಧಕರು ಅಲ್ಲಿ ಹೋಗಿ ನೋಡಿ ಬರೆದಿದ್ದು ಇದನ್ನೇ, ಹಳೇ ಕಾರ್ಖಾನೆಯಲ್ಲಿ ಸ್ಟಾಪ್‌ವಾಚ್ ಹಿಡೀತಿದ್ದಿದ್ದು ಸುಮಾರು 80 ಜನ ಇಂಡಸ್ಟ್ರಿಯಲ್ ಎಂಜಿನಿಯರ್‌ಗಳು, ಇಲ್ಲಿ ಅದೇ ಸ್ಟಾಪ್‌ವಾಚ್ ಕಾರ್ಮಿಕರ ಕೈಗೇ ಬಂತು. ಐದಾರು ಜನರ ತಂಡ ಒಬ್ಬರ ಕೆಲಸ ಇನ್ನೊಬ್ಬರು ಅಳೆದು, ಯಾವುದು ಸುಲಭ ಯಾವುದು ಸೇಫ್ ಅಂತ ಚರ್ಚೆ ಮಾಡಿ, ತಾವೇ ಸ್ಟ್ಯಾಂಡರ್ಡ್ ಬರೀತಿದ್ರು, ನಾಳೆ ಇನ್ನೂ ಒಳ್ಳೇ ದಾರಿ ಸಿಕ್ಕಿದ್ರೆ ತಾವೇ ತಿದ್ದುತ್ತಿದ್ರು. ಈ ಒಂದು ಬದಲಾವಣೆನ ಸ್ವಲ್ಪ ನಿಂತು ನೋಡಿ, ನನಗೆ ಇಡೀ ವಿಷಯದ ಗುಟ್ಟೇ ಇಲ್ಲಿದೆ ಅನ್ಸುತ್ತೆ. ರೂಲ್ ಇದ್ರೆ ಎಫಿಶಿಯೆನ್ಸಿ, ರೂಲ್ ತಿದ್ದೋ ಹಕ್ಕು ಅದೇ ಕೈಲಿದ್ರೆ ಹೊಂದಿಕೊಳ್ಳೋ ಶಕ್ತಿ. ಎರಡಕ್ಕೂ ಒಂದೇ ಕಾಗದ ಸಾಕು, ಪೆನ್ನು ಯಾರ ಹತ್ರ ಇದೆ ಅನ್ನೋದೇ ಪ್ರಶ್ನೆ.

ಆದ್ರೆ ಪೆನ್ನು ಕೊಟ್ಟ ತಕ್ಷಣ ಜನ ಬರೀತಾರಾ? ಯೋಚನೆ ಮಾಡಿ, ಐದು ಜನ ಮಾಡೋ ಕೆಲಸಾನ ನಾಲ್ಕೇ ಜನ ಮಾಡೋ ಉಪಾಯ ನಿಮಗೆ ಹೊಳೀತು, ಹೇಳ್ತೀರಾ? ಹೇಳಿದ್ರೆ ಐದನೇಯವರ ಕೆಲಸ ಹೋಗುತ್ತೆ, ಐದನೇಯವರು ನೀವೇ ಆಗಿರಬಹುದು. ಕೂತ ಕೊಂಬೆನ ತಾನೇ ಕಡೀರಿ ಅಂದ್ರೆ ಯಾರ್ ಕಡೀತಾರೆ. ಅದಕ್ಕೇ ನಮ್ಮಿ ಯೂನಿಯನ್ ಜೊತೆ ಮಾಡ್ಕೊಂಡ ಒಪ್ಪಂದದಲ್ಲಿ, ಕಂಪನಿ ಉಳಿವಿಗೇ ಕುತ್ತು ಬರೋ ಅಂಥ ಪರಿಸ್ಥಿತಿ ಬರದಿದ್ರೆ ಯಾರನ್ನೂ ತೆಗೆಯಲ್ಲ, ಬಂದ್ರೂ ಮೊದಲು ಮ್ಯಾನೇಜರ್‌ಗಳ ಸಂಬಳ ಕಡಿತ, ಹೊರಗೆ ಕೊಟ್ಟ ಗುತ್ತಿಗೆ ಕೆಲಸ ವಾಪಸ್ ತರೋದು, ಆಮೇಲೇ ಬೇರೆ ಮಾತು ಅಂತ ಬರೆದಿದ್ರು. ಪರೀಕ್ಷೆನೂ ಬೇಗ ಬಂತು. 1987-88ರ ಸುಮಾರಿಗೆ ಕಾರು ಮಾರಾಟ ಬಿದ್ದು ಕಾರ್ಖಾನೆ ತನ್ನ ಸಾಮರ್ಥ್ಯದ ಶೇಕಡಾ 60ರಷ್ಟರಲ್ಲಿ ನಡೀತಿತ್ತು, ಒಬ್ಬರನ್ನೂ ತೆಗೀಲಿಲ್ಲ, ಖಾಲಿ ಇದ್ದ ಜನರನ್ನ ಟ್ರೈನಿಂಗ್‌ಗೆ, ಲೈನ್ ಸುಧಾರಿಸೋ ಕೆಲಸಕ್ಕೆ ಹಾಕಿದ್ರು. ಆವಾಗ ಕಾಗದದ ಮಾತು ನಿಜವಾದ ಮಾತಾಯ್ತು. ಸಲಹೆ ಕೊಡೋ ಕಾರ್ಮಿಕರ ಪ್ರಮಾಣ 1986ರಲ್ಲಿ ಶೇಕಡಾ 26 ಇದ್ದಿದ್ದು 1991ಕ್ಕೆ 92 ಆಯ್ತು.

ಹೊಸ ಮಾಡೆಲ್ ಬರುವಾಗಲೂ ಇದೇ ಬುದ್ಧಿ. ಲೈನಿನಲ್ಲಿ ಕೆಲಸ ಮಾಡೋರಲ್ಲೇ ಕೆಲವರನ್ನ ತೆಗೆದು ಪೈಲಟ್ ತಂಡ ಅಂತ ಮಾಡಿ ಹೊಸ ಕಾರಿನ ಪ್ರತಿ ಹಂತ ಹೇಗೆ ಜೋಡಿಸಬೇಕು ಅಂತ ಮೊದಲೇ ಅವರ ಹತ್ರನೇ ಕೆಲಸ ಮಾಡಿಸ್ತಿದ್ರು, ಬದಲಾವಣೆ ಮುಗಿದ ಮೇಲೆ ಅವರು ವಾಪಸ್. ಬೇರೆ ಮನೆ ಬೇಕಿಲ್ಲ, ಅದೇ ಮನೆಯವರು ಸ್ವಲ್ಪ ದಿನ ಮಹಡಿ ಮೇಲೆ ಹೋಗಿ ಬಂದ ಹಾಗೆ.

ಇನ್ನು ಕೌಶಲ್ಯದ ವಿಷಯ. ರೈಟ್ ಮತ್ತು ಸ್ನೆಲ್ 1998ರಲ್ಲಿ ಎಚ್‌ಆರ್ ಒಂದೇ ಸಲ ಹೊಂದಾಣಿಕೆನೂ ಬಳುಕುತನಾನೂ ಕೊಡಬಹುದು ಅಂತ ವಾದ ಮಾಡಿದ್ರು. ಹೊಂದಾಣಿಕೆ ಅಂದ್ರೆ ಇವತ್ತಿನ ಗುರಿಗೆ ಜನ ಸರಿಯಾಗಿ ಕೂರೋದು, ಬಳುಕುತನ ಅಂದ್ರೆ ಅದೇ ಜನ ನಾಳೆ ಬೇರೆ ಕಡೆ ಕೂರೋಕೂ ಆಗೋದು. ಕೆಲಸದ ಜಾಗದಲ್ಲಿ ಇದು ಗೋಡೆ ಮೇಲಿನ ಸ್ಕಿಲ್ ಮ್ಯಾಟ್ರಿಕ್ಸ್ ಚಾರ್ಟ್ ಆಗಿ ಕಾಣುತ್ತೆ, ಒಂದು ಕಡೆ ಹೆಸರು, ಇನ್ನೊಂದು ಕಡೆ ಕೆಲಸಗಳು, ಯಾರಿಗೆ ಯಾವುದು ಎಷ್ಟು ಬರುತ್ತೆ ಅಂತ ಗುರುತು. ಆ ಚಾರ್ಟಿನಲ್ಲಿ ಒಂದು ಕೆಲಸದ ಕೆಳಗೆ ಒಂದೇ ಹೆಸರಿದ್ರೆ ಅದು ಅಪಾಯ, ಅವರಿಗೆ ಜ್ವರ ಬಂದ್ರೆ ಕೆಲಸ ನಿಂತೋಗುತ್ತೆ. ಜಾಬ್ ರೊಟೇಷನ್, ಅಂದ್ರೆ ಜನರ ಕೆಲಸ ಅದಲು ಬದಲು ಮಾಡೋದು, ಇದಕ್ಕೇ ಇರೋದು, ಆದ್ರೆ ರೊಟೇಷನ್ ಮಾಡಿದ ಮೊದಲ ವಾರ ಸ್ಪೀಡ್ ಬೀಳುತ್ತೆ, ಬಿದ್ದೇ ಬೀಳುತ್ತೆ, ಆ ವಾರ ಮ್ಯಾನೇಜರ್ ಟಾರ್ಗೆಟ್ ಕಮ್ಮಿ ಮಾಡಿಲ್ಲಾಂದ್ರೆ ಎರಡನೇ ವಾರಕ್ಕೆ ರೊಟೇಷನ್ ಬರೀ ಎಕ್ಸೆಲ್ ಶೀಟಲ್ಲಿ ಮಾತ್ರ ಇರುತ್ತೆ. ಕೆಲವು ಕಡೆ ಹುದ್ದೆಗೆ ಸಂಬಳ ಕೊಡೋ ಬದಲು ಕಲಿತ ಕೌಶಲ್ಯಕ್ಕೆ ಸಂಬಳ ಕೊಡ್ತಾರೆ. ಒಳ್ಳೇದೇ, ಆದ್ರೆ ಎಲ್ರೂ ಎಲ್ಲ ಕಲಿತ ಮೇಲೆ ಸಂಬಳದ ಖರ್ಚು ಏರಿರುತ್ತೆ, ಕಲಿತಿದ್ದರಲ್ಲಿ ಅರ್ಧ ಬಳಕೆನೇ ಆಗಲ್ಲ. ಹೊಂದಿಕೊಳ್ಳೋ ಶಕ್ತಿ ಫ್ರೀಯಾಗಿ ಸಿಗಲ್ಲ, ಬಳಸದೇ ಇರೋ ಸಾಮರ್ಥ್ಯನ ಸ್ವಲ್ಪ ಸಾಕ್ಕೊಂಡಿರಬೇಕು. ಅಕೌಂಟ್ಸ್‌ನವರಿಗೆ ಅದು ವೇಸ್ಟ್ ಥರ ಕಾಣುತ್ತೆ, ಅವರದ್ದೂ ಪೂರ್ತಿ ತಪ್ಪಲ್ಲ.

ಅಪ್ರೈಸಲ್‌ಗೆ ವಾಪಸ್ ಬರೋಣ, ಯಾಕಂದ್ರೆ ಹೆಚ್ಚು ಕಂಪನಿಗಳು ಎಡವೋದು ಇಲ್ಲೇ. ಜನರನ್ನ ಸಾಲಾಗಿ ನಿಲ್ಲಿಸಿ ಇಷ್ಟು ಪರ್ಸೆಂಟ್ ಟಾಪ್, ಇಷ್ಟು ಪರ್ಸೆಂಟ್ ಕಡೇ ಅಂತ ಕಡ್ಡಾಯವಾಗಿ ಹಂಚೋ ಪದ್ಧತಿ ಇದೆಯಲ್ಲ, ಬೆಲ್ ಕರ್ವ್ ಅಂತಾರೆ, ಅಮೆರಿಕದ ಜನರಲ್ ಎಲೆಕ್ಟ್ರಿಕ್ (ಜಿಇ) ಕಂಪನಿಗೆ ಜ್ಯಾಕ್ ವೆಲ್ಚ್ ಮುಖ್ಯಸ್ಥರಾಗಿದ್ದಾಗ 20-70-10 ಅಂತ ಇತ್ತು, ಮೇಲಿನ 20, ಮಧ್ಯದ 70, ಕಡೇ 10 ಪರ್ಸೆಂಟ್, ಅದು ನೋಡೋಕೆ ಎಫಿಶಿಯೆಂಟ್. ಆದ್ರೆ ಪಕ್ಕದವರು ನನ್ನ ಪ್ರತಿಸ್ಪರ್ಧಿ ಆದ್ಮೇಲೆ ನನಗೆ ಗೊತ್ತಿರೋದನ್ನ ಅವರಿಗ್ಯಾಕೆ ಹೇಳ್ಲಿ? ತಿಳುವಳಿಕೆ ಒಬ್ಬರಿಂದ ಒಬ್ಬರಿಗೆ ಹರೀದಿದ್ರೆ ಕಂಪನಿ ಹೊಸದು ಕಲಿಯೋದಾದ್ರೂ ಹೇಗೆ. ಮೈಕ್ರೋಸಾಫ್ಟ್ 2013ರ ನವೆಂಬರ್‌ನಲ್ಲಿ ಈ ಪದ್ಧತಿ ಕೈಬಿಟ್ಟಾಗ ತಂಡದ ಕೆಲಸಕ್ಕೆ, ಸಹಯೋಗಕ್ಕೆ ಒತ್ತು ಕೊಡ್ತೀವಿ ಅಂತಾನೇ ಹೇಳಿದ್ದು.

ಟೇಪು, ಅಂಟು ಇಂಥದ್ದೆಲ್ಲ ಮಾಡೋ ಅಮೆರಿಕದ 3ಎಂ ಕಂಪನಿ ಕಥೆನೂ ಇಲ್ಲೇ ಹೇಳ್ಬೇಕು. ಅಲ್ಲಿ 1948ರಿಂದ ಟೆಕ್ನಿಕಲ್ ಜನಕ್ಕೆ ತಮ್ಮ ಸಮಯದ ಶೇಕಡಾ 15ರಷ್ಟನ್ನ ತಮಗಿಷ್ಟದ ಐಡಿಯಾ ಮೇಲೆ ಹಾಕೋ ಅವಕಾಶ ಇದೆ. 1980ರಲ್ಲಿ ಅಮೆರಿಕದಲ್ಲೆಲ್ಲ ಮಾರುಕಟ್ಟೆಗೆ ಬಂದ ಪೋಸ್ಟ್-ಇಟ್ ಅನ್ನೋ ಅಂಟಿಸೋ ಚೀಟಿ ಹಿಂದೆ ಇರೋದು ಇದೇ ವಾತಾವರಣ. ಜಿಇಯಿಂದ ಜೇಮ್ಸ್ ಮೆಕ್‌ನರ್ನಿ 2001ರಲ್ಲಿ ಮುಖ್ಯಸ್ಥರಾಗಿ ಬಂದ್ರು, ತಪ್ಪನ್ನ ಲೆಕ್ಕ ಹಾಕಿ ಕಮ್ಮಿ ಮಾಡೋ ಸಿಕ್ಸ್ ಸಿಗ್ಮಾ ಅನ್ನೋ ಪದ್ಧತಿ ತಂದ್ರು, ಸಾವಿರಾರು ಜನಕ್ಕೆ ಟ್ರೈನಿಂಗ್ ಕೊಟ್ರು, ಖರ್ಚು ಇಳೀತು, ಲಾಭ ಏರ್ತು. ಕಾರ್ಖಾನೆಗೆ ಅದು ಚೆನ್ನಾಗೇ ಹೊಂದಿತು. ಲ್ಯಾಬ್‌ಗೂ ಅದನ್ನೇ ಹಾಕಿದಾಗ ತೊಂದರೆ, ಇನ್ನೂ ಹುಟ್ಟದೇ ಇರೋ ಐಡಿಯಾಗೆ ಮಾರ್ಕೆಟ್ ಎಷ್ಟು, ತಪ್ಪಿನ ಪ್ರಮಾಣ ಎಷ್ಟು ಅಂತ ಫಾರ್ಮ್ ತುಂಬಿ ಅಂದ್ರೆ ಏನ್ ತುಂಬೋದು. ಅವರು 2005ರಲ್ಲಿ ಹೋದ್ರು, ಮುಂದೆ ಬಂದ ಜಾರ್ಜ್ ಬಕ್ಲಿ ಸಂಶೋಧನೆ ಕಡೆ ಆ ಬಿಗಿ ಸಡಿಲಿಸಿದ್ರು, ಕಾರ್ಖಾನೆಯಲ್ಲಿ ಉಳಿಸ್ಕೊಂಡ್ರು. ಅಂದ್ರೆ ಸಿಕ್ಸ್ ಸಿಗ್ಮಾ ಕೆಟ್ಟದ್ದು ಅಂತಲ್ಲ, ಎಲ್ಲ ಬೀಗಕ್ಕೂ ಒಂದೇ ಕೀ ಹಾಕೋಕೆ ಹೋದ್ರು ಅಷ್ಟೇ.

ಇನ್ನೊಂದು ಸುಲಭದ ದಾರಿ ಕಂಪನಿಗಳಿಗೆ ತುಂಬಾ ಪ್ರೀತಿ, ಗುತ್ತಿಗೆ ಜನ. ಜಾನ್ ಅಟ್ಕಿನ್‌ಸನ್ 1984ರಲ್ಲೇ ಇದರ ಚಿತ್ರ ಬಿಡಿಸಿದ್ರು, ಮಧ್ಯದಲ್ಲಿ ಖಾಯಂ ಜನ, ಅವರು ಹಲವು ಕೆಲಸ ಬಲ್ಲವರು; ಸುತ್ತ ಗುತ್ತಿಗೆಯವರು, ಅವರ ಸಂಖ್ಯೆನ ಏರಿಸಬಹುದು ಇಳಿಸಬಹುದು. ಇದಕ್ಕೂ ಫ್ಲೆಕ್ಸಿಬಿಲಿಟಿ ಅಂತಾನೇ ಹೆಸರು, ಆದ್ರೆ ತಲೆ ಎಣಿಕೆ ಬದಲಾಯಿಸೋದು ಬೇರೆ, ತಲೆ ಒಳಗಿರೋದನ್ನ ಬದಲಾಯಿಸೋದು ಬೇರೆ. ಸೀಸನ್ ರಷ್‌ಗೆ ಗುತ್ತಿಗೆ ಸರಿ. ಗಿರಾಕಿ ದಿನಾ ಬೈಯೋದನ್ನ ಕೇಳಿಸ್ಕೊಳ್ಳೋ ಕೆಲಸಾನೇ ಹೊರಗೆ ಕೊಟ್ರೆ ಮಾರ್ಕೆಟ್ ಬದಲಾಗಿದ್ದು ಮೊದಲು ಗೊತ್ತಾಗೋದು ನಿಮ್ಮವರಿಗಲ್ಲ, ಗೊತ್ತಾದವರಿಗೆ ನಿಮಗೆ ಹೇಳ್ಬೇಕು ಅಂತ ಏನೂ ಇಲ್ಲ, ಆರು ತಿಂಗಳಿಗೆ ಅವರು ಬೇರೆ ಕಡೆ ಇರ್ತಾರೆ, ಆ ತಿಳುವಳಿಕೆನೂ ಅವರ ಜೊತೇನೇ ಹೋಗುತ್ತೆ.

ಇಷ್ಟೆಲ್ಲ ಓದಿ ಯಾರಾದ್ರೂ ಇದರಲ್ಲಿ ಒಂದನ್ನ ಎತ್ಕೊಂಡು ಹೋಗ್ತಾರೆ, ಸಾಮಾನ್ಯವಾಗಿ ಸಜೆಷನ್ ಬಾಕ್ಸ್ ಇಲ್ಲ ಟ್ರೈನಿಂಗ್, ಯಾಕಂದ್ರೆ ಅದೇ ಅಗ್ಗ. ಕೆಲಸ ಮಾಡಲ್ಲ. ಜಾನ್ ಪಾಲ್ ಮ್ಯಾಕ್‌ಡಫಿ 1995ರಲ್ಲಿ 62 ಕಾರು ಜೋಡಣಾ ಕಾರ್ಖಾನೆಗಳನ್ನ ಹೋಲಿಸಿದಾಗ ಕಂಡಿದ್ದು, ಈ ಪದ್ಧತಿಗಳು ಒಂದು ಕಂತೆಯಾಗಿ ಒಟ್ಟಿಗೆ ಬಂದಾಗಲೇ ಫಲ, ಅದರಲ್ಲೂ ಉತ್ಪಾದನೆ ನಡೆಸೋ ರೀತಿನೂ ಅದಕ್ಕೆ ಹೊಂದ್ಕೊಂಡಾಗ. ಬಿಡಿ ಬಿಡಿಯಾಗಿ ಅಷ್ಟಿಲ್ಲ. ಟ್ರೈನಿಂಗ್ ಕೊಟ್ರಿ, ಕಲಿತಿದ್ದನ್ನ ಬಳಸೋ ಅವಕಾಶ ಕೊಡಲಿಲ್ಲ, ಅವರು ಆ ಸರ್ಟಿಫಿಕೇಟ್ ಇಟ್ಕೊಂಡು ಬೇರೆ ಕಂಪನಿ ಸೇರ್ತಾರೆ. ಟೀಮ್ ಮಾಡಿದ್ರಿ, ಬೋನಸ್ ಒಬ್ಬೊಬ್ಬರಿಗೆ ಬೇರೆ ಬೇರೆ, ಎತ್ತು ಏರಿಗೆ ಎಳೀತು ಕೋಣ ನೀರಿಗೆ ಎಳೀತು.

ಎರಡೂ ಕೈ ಓಡಿಸಿ ಅನ್ನೋದರ ಭಾರ ಕೊನೆಗೆ ಯಾರ ಮೇಲೆ ಬೀಳುತ್ತೆ ಅಂತಲೂ ನೋಡ್ಬೇಕು. ಟಾರ್ಗೆಟ್ ಹಾಗೇ ಇಟ್ಟು, ಮೇಲಿಂದ ಹೊಸ ಐಡಿಯಾನೂ ಕೊಡಿ ಅಂದ್ರೆ ಅದು ಸವ್ಯಸಾಚಿತನ ಅಲ್ಲ, ಓವರ್‌ಟೈಮ್. ಆಫೀಸಲ್ಲಿ ಒಳ್ಳೇ ಐಡಿಯಾ ಎಲ್ಲ ಶನಿವಾರ ಭಾನುವಾರವೇ ಹುಟ್ಟುತ್ತಿದ್ರೆ ಅದು ಕೆಟ್ಟ ಸೂಚನೆ ಅಂತ ನಾನು ಅಂದ್ಕೊಳ್ತೀನಿ.

ತಮಾಷೆ ಏನಂದ್ರೆ ಎಚ್‌ಆರ್ ವಿಭಾಗಾನೇ ಹೆಚ್ಚು ಕಡೆ ಬರೀ ಎಫಿಶಿಯೆನ್ಸಿ ಲೆಕ್ಕದಲ್ಲಿ ನಡೀತಿದೆ. ಒಂದು ಹುದ್ದೆ ತುಂಬೋಕೆ ಎಷ್ಟು ದಿನ, ಒಬ್ಬರನ್ನ ಸೇರಿಸೋಕೆ ಎಷ್ಟು ಖರ್ಚು, ಅವರ ರಿಪೋರ್ಟಲ್ಲಿ ಇರೋದು ಇವೇ. ಹುದ್ದೆ ಬೇಗ ತುಂಬಬೇಕು ಅಂದ್ರೆ ಸುಲಭದ ದಾರಿ ಅಂದ್ರೆ ಬಿಟ್ಟು ಹೋದವರ ಥರದವರನ್ನೇ ಹುಡುಕೋದು, ಅದೇ ಡಿಗ್ರಿ, ಅದೇ ಅನುಭವ, ಅದೇ ಕೀವರ್ಡ್. ರೆಸ್ಯೂಮೆ ಸೋಸೋ ಸಾಫ್ಟ್‌ವೇರ್‌ಗೂ ಹಳೇ ನೇಮಕಾತಿ ನೋಡಿಯೇ ಕಲಿಸಿದ್ರೆ ಅದೂ ಅದನ್ನೇ ಮಾಡುತ್ತೆ. ಆಮೇಲೆ ಅದೇ ಎಚ್‌ಆರ್ ಚೇಂಜ್ ಮ್ಯಾನೇಜ್‌ಮೆಂಟ್ ವರ್ಕ್‌ಶಾಪಿಗೆ ಎಲ್ಲರಿಗೂ ಕ್ಯಾಲೆಂಡರ್ ಇನ್ವೈಟ್ ಕಳಿಸುತ್ತೆ, ಹಾಜರಾತಿ ಕಡ್ಡಾಯ ಅಂತ.